ಮಾತಿಲ್ಲದ ಮೇಳ

ನಮ್ಮ ಕಡೆ ಬ್ಯಾಂಡಿನ ಮುಂದೆ ಕುಣಿದವರಿಗೆ ಲೆಕ್ಕವಿಲ್ಲ. ಬ್ಯಾಂಡಿನವರ ಕಡೆ ಮುಖ ಮಾಡಿ ಕುಂತು ಕೇಳಿದವರು ಬಹಳ ಕಡಿಮೆ. ಯಾದಗಿರಿ, ಶಹಾಪುರ, ಸುರಪುರದ ಯಾವ ಓಣಿಯಲ್ಲಿ ಹುಟ್ಟಿದವರಾದರೂ ಅವರ ಮನೆಯ ಲಗ್ನದ ಮೆರವಣಿಗೆ ಬ್ಯಾಂಡಿನ ಹಿಂದೆ ಸಾಗಿರುತ್ತದೆ, ಅವರ ಮುತ್ಯಾನ ಕೊನೆಯ ದಾರಿ ಹಲಗಿ ಬಡಿತದಲ್ಲಿ ಸವೆದಿರುತ್ತದೆ. ಆದರೂ ಅವತ್ತು ಕ್ಲಾರ್ನೆಟ್ ಊದಿದವರು ಯಾರು, ಹಲಗಿ ಹಿಡಿದವರು ಯಾವ ಊರವರು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ನನಗೆ ಸಂಗೀತದ ರುಚಿ ಹತ್ತಿಸಿದ್ದು ಅಂಥ ಹೆಸರು ಗೊತ್ತಿಲ್ಲದವರ ಒಂದು ಬ್ಯಾಂಡು. ಅದನ್ನು ನಾನು ಮೊದಲು ಕೇಳಿದ್ದು 1988ರ ಮಳೆಗಾಲದಲ್ಲಿ, ಶಹಾಪುರದ ಒಂದು ಹತ್ತಿ ಜಿನ್ನಿಂಗ್ ಶೆಡ್ಡಿನಲ್ಲಿ, ಸುರಪುರದ ಜಾತ್ರೆಗೆ ಇನ್ನೂ ಕೆಲವು ದಿನ ಇರುವಾಗ.

ಆಗ ಯಾದಗಿರಿ ಗುಲಬರ್ಗಾ ಜಿಲ್ಲೆಯ ಒಂದು ತಾಲ್ಲೂಕು. ಅದು ತಾನೇ ಜಿಲ್ಲೆಯಾದದ್ದು 2009ರ ಕೊನೆಗೆ. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ನೀರು ಎಡದಂಡೆ ಕಾಲುವೆಯಲ್ಲಿ ನಮ್ಮ ಕಡೆ ಹರಿಯತೊಡಗಿತ್ತು. ಜೋಳ, ತೊಗರಿ ಬೆಳೆಯುತ್ತಿದ್ದ ಎರೆ ಹೊಲಗಳಲ್ಲಿ ಭತ್ತದ ಗದ್ದೆಗಳು ಕಾಣತೊಡಗಿದ್ದವು. ನೀರಾವರಿಯಾದ ಊರುಗಳಲ್ಲಿ ಕೈಯಲ್ಲಿ ರೊಕ್ಕ ಆಡಿದಂತೆ ಲಗ್ನಗಳು ದೊಡ್ಡವಾದವು, ಲಗ್ನಗಳು ದೊಡ್ಡವಾದಂತೆ ಬ್ಯಾಂಡುಗಳೂ ದೊಡ್ಡವಾದವು. ಮೊದಲು ಶಹನಾಯಿ, ಸುತಿ, ಸಂಬಾಳ ಇದ್ದರೆ ಸಾಕೆನ್ನುತ್ತಿದ್ದ ಮನೆಯವರು ಈಗ ಕೆಂಪು ಕೋಟಿನ, ಜರಿ ಟೊಪ್ಪಿಗೆಯ ಬ್ಯಾಂಡ್ ಕಂಪನಿಯೇ ಬೇಕು ಎನ್ನುತ್ತಿದ್ದರು.

ಪಿಯುಸಿ ಓದಲು ನಾನು ಶಹಾಪುರದ ಸೋದರಮಾವನ ಮನೆಯಲ್ಲಿದ್ದೆ. ಮನೆಯ ಹಿಂದೆ ಒಂದು ಬಯಲು, ಬಯಲು ದಾಟಿದರೆ ಜಿನ್ನಿಂಗ್. ಹತ್ತಿ ಬರುವುದು ದೀಪಾವಳಿ ಹೊತ್ತಿಗೆ. ಅಲ್ಲಿವರೆಗೆ ಯಂತ್ರಗಳ ಮೇಲೆ ತಾಡಪತ್ರಿ ಹೊದೆಸಿ ಶೆಡ್ಡಿಗೆ ಬೀಗ ಹಾಕಿರುತ್ತಿದ್ದರು. ಬ್ಯಾಂಡಿನವರಿಗೂ ಆಷಾಢ ಕೈ ಖಾಲಿಯ ತಿಂಗಳು. ಲಗ್ನವಿಲ್ಲ, ಮುಂಗಡ ಕೊಡುವವರಿಲ್ಲ. ತೂತು ಬಿದ್ದ ಪೀಪಿಗೆ ಬೆಸುಗೆ ಹಾಕಿಸುವುದು, ಡೋಲಿಗೆ ಹೊಸ ಚರ್ಮ ಬಿಗಿಸುವುದು, ಹೊಸ ಸಿನಿಮಾ ಹಾಡು ಕೂಡಿಸಿಕೊಳ್ಳುವುದು ಎಲ್ಲ ಆಗಲೇ. ಶ್ರಾವಣ ಹಿಡಿಯಿತೆಂದರೆ ಜಾತ್ರೆಗಳು ಶುರು. ಆ ವರ್ಷ ಈ ಬ್ಯಾಂಡಿಗೆ ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯ ಕರೆ ಬಂದಿತ್ತು. ಕಾವಲುಗಾರನನ್ನು ಒಲಿಸಿಕೊಂಡು ಅವರು ರಾತ್ರಿ ಶೆಡ್ಡಿನಲ್ಲಿ ತಾಲೀಮು ನಡೆಸುತ್ತಿದ್ದರು.

ಮೊದಲ ರಾತ್ರಿ ನನಗೆ ಕೇಳಿದ್ದು ಹಲಗಿ ಒಂದೇ. ಕರೆಂಟು ಹೋಗಿತ್ತು, ಹನಿ ಮಳೆ ಹಿಡಿದಿತ್ತು. ಹಲಗಿ ನನಗೆ ಹೊಸದಲ್ಲ. ಊರಲ್ಲಿ ಡಂಗುರಕ್ಕೆ, ದೇವರ ಕಾರ್ಯಕ್ಕೆ, ಹೆಣದ ಮುಂದೆ ಎಲ್ಲ ಕಡೆ ಅದೇ. ಆದರೆ ಇದು ಯಾರನ್ನೂ ಕರೆಯುವ ಬಡಿತ ಆಗಿರಲಿಲ್ಲ. ಒಂದು ಗಟ್ಟಿ ಪೆಟ್ಟು, ಆ ಮೇಲೆ ಒಂದು ಬಿಡುವು, ಆ ಬಿಡುವಿನೊಳಗೆ ಸಣ್ಣ ಕಡ್ಡಿಯ ಚಟಚಟ, ಮತ್ತೆ ಗಟ್ಟಿ ಪೆಟ್ಟು. ಸ್ವಲ್ಪ ಹೊತ್ತಿಗೆ ಸೈಡ್ ಡ್ರಮ್ ಸೇರಿತು. ಅದು ಹಲಗಿ ಬಿಟ್ಟ ಜಾಗದಲ್ಲಿ ಮಾತ್ರ ನುಡಿಯುತ್ತಿತ್ತು. ನಾನು ಚಪ್ಪಲಿ ಮೆಟ್ಟದೆ ಬಯಲು ದಾಟಿದೆ.

ಶೆಡ್ಡಿನ ಬಾಗಿಲಲ್ಲಿ ನಿಂತವನನ್ನು ಮೊದಲು ಕಂಡವರು ಕ್ಲಾರ್ನೆಟ್ ಮಾಸ್ತರು.

"ಯಾರಪ್ಪ ಅದು ಬಾಗಲ್ದಾಗ? ಒಳಗ ಬಾ ತಮ್ಮಾ, ತೊಯ್ಸ್ಕೋಬ್ಯಾಡ."

ಒಳಗೆ ಹೋಗಿ ಹತ್ತಿ ಅಂಡಿಗೆಗಳ ಹಳೆಯ ತಟ್ಟಿನ ಮೇಲೆ ಕುಂತೆ. ಕಂದೀಲಿನ ಬೆಳಕಿಗೆ ಕಣ್ಣು ಹೊಂದಿಕೊಂಡಾಗ ಒಬ್ಬೊಬ್ಬರೇ ಕಂಡರು. ಮಾಸ್ತರು ಹಗಲಲ್ಲಿ ಬಜಾರದ ದರ್ಜಿ. ಬ್ಯಾಂಡಿನ ಕೆಂಪು ಕೋಟುಗಳನ್ನು ಅವರೇ ಹೊಲಿಯುತ್ತಿದ್ದರು. ಪೀಪಿ, ಅಂದರೆ ಟ್ರಂಪೆಟ್, ಊದುವ ಇಬ್ಬರು ಅಣ್ಣತಮ್ಮಂದಿರು ಭೀಮಾ ದಂಡೆಯ ಹಳ್ಳಿಯ ಕಬ್ಬಲಿಗರು, ಕೂಲಿ ಮಾಡುವವರು. ದೊಡ್ಡ ಹೊಟ್ಟೆಯ ಯೂಫೋನಿಯಂ ಹಿಡಿದವರು ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಸೈಡ್ ಡ್ರಮ್ಮಿನವರದು ಸೈಕಲ್ ಪಂಚರ್ ಅಂಗಡಿ. ಡೋಲು, ಝಾಂಜು ಬಾರಿಸುವವರು ಹಮಾಲರು. ಮಾಸ್ತರ ಮಗ, ನನ್ನ ವಾರಿಗೆಯವ, ಬ್ಯಾಟರಿಗೆ ಸಿಕ್ಕಿಸಿದ ಒಂದು ಕ್ಯಾಸಿಯೋ ಮುಂದೆ ಕುಂತಿದ್ದ. ಇವರೆಲ್ಲರಿಂದ ತುಸು ದೂರದಲ್ಲಿ, ಹುಲ್ಲಿನ ಸಣ್ಣ ಬೆಂಕಿಯ ಮುಂದೆ, ಗೋಗಿ ಕಡೆಯಿಂದ ಬಂದ ಒಬ್ಬ ಮುತ್ಯಾ ಹಲಗಿಯ ಚರ್ಮ ಕಾಸುತ್ತಿದ್ದ. ಮಳೆಗಾಲದಲ್ಲಿ ಚರ್ಮ ತಂಪು ಹಿಡಿದು ಸಡಿಲಾಗುತ್ತದೆ, ದನಿ ಕೂಡುವುದಿಲ್ಲ. ಕಾಸಿ, ಬೆರಳಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು, ಮತ್ತೆ ಕಾಸಿ, ಸರಿಯಾದಾಗ ಆತ ತಲೆಯೆತ್ತಿ ಮಾಸ್ತರ ಕಡೆ ನೋಡುತ್ತಿದ್ದ. ಬ್ಯಾಂಡು ಶುರುವಾಗುವುದು ಆ ನೋಟದಿಂದ.

ಮೊದಲು ಗಿರಾಕಿಗಳ ಹಾಡು. ಹಂಸಲೇಖ ಸಂಗೀತದ 'ಪ್ರೇಮಲೋಕ' ಬಂದು ವರ್ಷವಾಗಿತ್ತು. 1987ರಿಂದ ಆಚೆಗೆ ಅದರ ಹಾಡು ಬಾರದ ಬ್ಯಾಂಡಿಗೆ ನಮ್ಮ ಕಡೆ ಲಗ್ನ ಸಿಗುತ್ತಿರಲಿಲ್ಲ. ಅವು ಮುಗಿದ ಮೇಲೆ ಹಿಂದಿ ಹಾಡು. ರಾತ್ರಿ ಸರಿದು ಚಹಾ ಆದ ಮೇಲೆ ಮಾಸ್ತರು ಯಾರಿಗೂ ಏನೂ ಹೇಳದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಹಲಗಿ ಒಂದೇ ಸುತ್ತು ಬರುತ್ತಿತ್ತು. ಯೂಫೋನಿಯಂ ನಾಲ್ಕೈದು ಸ್ವರಗಳ ಒಂದು ಗಿಡ್ಡ ವಾಕ್ಯ ಹಿಡಿದು ಅದನ್ನೇ ತಿರುಗಿ ತಿರುಗಿ ಹೇಳುತ್ತಿತ್ತು. ಕ್ಯಾಸಿಯೋದಲ್ಲಿ ಆರ್ಗನ್ ದನಿ ಹಚ್ಚಿ ಹುಡುಗ ಒಂದೇ ಕಡೆ ಬೆರಳಿಡುತ್ತಿದ್ದ, ಪೆಟ್ಟು ಬಿದ್ದ ಮರುಕ್ಷಣ ಎತ್ತುತ್ತಿದ್ದ. ಆಗ ಕ್ಲಾರ್ನೆಟ್ ಒಳಗೆ ಬರುತ್ತಿತ್ತು. ಎರಡು ಸಾಲಿನಷ್ಟು ಊದಿ ನಿಲ್ಲುತ್ತಿತ್ತು. ನಿಂತ ಕಡೆ ಪೀಪಿಯ ಅಣ್ಣತಮ್ಮಂದಿರು ಎರಡೇ ಉಸಿರಿನ ಉತ್ತರ ಕೊಡುತ್ತಿದ್ದರು. ಅದು ಎಷ್ಟು ಹೊತ್ತು ನಡೆಯುತ್ತಿತ್ತೋ, ಕಂದೀಲಿನ ಎಣ್ಣೆ ತೀರಿದ ಮೇಲೂ ಕತ್ತಲಲ್ಲಿ ನಡೆದ ರಾತ್ರಿಗಳಿದ್ದವು.

"ಇದು ಯಾವ ಹಾಡ್ರಿ ಮಾಸ್ತರ?" ಎಂದು ಕೇಳಿದೆ.

"ಹಾಡಿಲ್ಲಪ್ಪ ಇದು. ಬರೇ ಚಾಲ್ ಅದ."

"ಮತ್ತ ಎಲ್ಲಾರೂ ತಪ್ಪದಂಗ ಹ್ಯಾಂಗ ಕೂಡ್ತೀರಿ?"

ಅವರು ಹಲಗಿ ಮುತ್ಯಾನ ಕಡೆ ಕೈ ಮಾಡಿದರು. "ಮೊದಲನೇ ಪೆಟ್ಟು ಎಲ್ಲಾರೂ ಕೂಡಿ ಹಾಕಬೇಕು. ಅಲ್ಲಿಂದ ಯಾರ ದಾರಿ ಅವರದು, ಬೇಕಾದಂಗ ತಿರುಗಾಡಿ ಬರಲಿ. ಆದ್ರ ಮತ್ತ ಆ ಪೆಟ್ಟು ಬೀಳೂದ್ರಾಗ ಎಲ್ಲಾರೂ ಮನ್ಯಾಗಿರಬೇಕು."

ಸಂಗೀತದ ಬಗ್ಗೆ ನಾನು ಆ ಮೇಲೆ ಓದಿದ, ಕೇಳಿದ ಯಾವ ಮಾತೂ ಇದಕ್ಕಿಂತ ಮುಂದೆ ಹೋಗಿಲ್ಲ.

ಆ ಚಾಲ್ ಎಲ್ಲಿಂದ ಬಂತು ಎನ್ನುವುದು ನನಗೆ ಮುತ್ಯಾನಿಂದ ತಿಳಿಯಿತು. 1988ರಲ್ಲಿ ಮೊಹರಂ ಆಗಸ್ಟಿನ ಕೊನೆಗೆ ಬಂದಿತ್ತು, ಅದಾಗಿ ಹೆಚ್ಚು ಕಡಿಮೆ ಹತ್ತು ದಿನಕ್ಕೆ ಗೋಕುಲಾಷ್ಟಮಿ, ಸುರಪುರದ ಜಾತ್ರೆಯ ಹೊತ್ತು. ನಮ್ಮ ಸಗರನಾಡಿನ ಹಳ್ಳಿಗಳಲ್ಲಿ ಮೊಹರಂ ಅಂದರೆ ಅಲಾಯಿ ಹಬ್ಬ, ಮುಸಲ್ಮಾನರ ಮನೆ ಒಂದೂ ಇಲ್ಲದ ಊರಲ್ಲೂ ದೇವರು ಕೂಡುತ್ತವೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಿಗೆ ಹಲಗಿ ಬೇಕು, ಹಾಡುವವರಿಗೆ ರಿವಾಯತ್ ಪದ ಬೇಕು. ರಹಮತ್ ತರೀಕೆರೆಯವರು 'ಕರ್ನಾಟಕದ ಮೊಹರಂ' ಎಂಬ ಪುಸ್ತಕವನ್ನೇ ಬರೆದಿದ್ದಾರೆ, ಈ ಹಬ್ಬ ಎಷ್ಟು ಜಾತಿಗಳ ಕೈ ಸೇರಿ ಆಗುತ್ತದೆ ಎಂಬುದನ್ನು ಅದರಲ್ಲಿ ನೋಡಬಹುದು. ಮುತ್ಯಾನ ಕೈಯಲ್ಲಿ ಅಲಾಯಿ ಹೆಜ್ಜೆಯ ಬಡಿತ ಇನ್ನೂ ಬಿಸಿಯಾಗಿತ್ತು. ಅದನ್ನೇ ಆತ ಶೆಡ್ಡಿಗೆ ತಂದ. ಮಾಸ್ತರಿಗೆ ರಿವಾಯತ್ ಪದಗಳ ಧಾಟಿ ಚಿಕ್ಕಂದಿನಿಂದ ಗೊತ್ತು. ಪದ ಬಿಟ್ಟರು, ಧಾಟಿ ಇಟ್ಟುಕೊಂಡರು. ಕ್ಯಾಸಿಯೋ, ಯೂಫೋನಿಯಂಗಳ ಕೆಲಸ ಆರ್‌.ಡಿ. ಬರ್ಮನ್ನರ ಹಿಂದಿ ಹಾಡುಗಳಿಂದ ಕಲಿತದ್ದು. 1970ರ ದಶಕದಲ್ಲಿ ಬರ್ಮನ್ನರು ಅಮೆರಿಕದ ಕರಿಯರ ಕುಣಿತದ ಸಂಗೀತವನ್ನು ಹಿಂದಿ ಸಿನಿಮಾಕ್ಕೆ ಧಾರಾಳವಾಗಿ ತಂದಿದ್ದರು. 1978ರ 'ಶಾಲಿಮಾರ್' ಚಿತ್ರದ ಹಿನ್ನೆಲೆ ಸಂಗೀತ ಕೇಳಿದರೆ ಇದು ಯಾರಿಗೂ ಗೊತ್ತಾಗುತ್ತದೆ. ಊರೂರಿನ ಬ್ಯಾಂಡಿನವರು ಅದನ್ನು ರೇಡಿಯೋದಿಂದ, ಟೂರಿಂಗ್ ಟಾಕೀಸಿನಿಂದ ಕಿವಿಗೆ ಹಾಕಿಕೊಂಡರು. ಆ ಕುಣಿತದ ಸಂಗೀತಕ್ಕಿರುವ ಫಂಕ್ ಎಂಬ ಹೆಸರು ಶಹಾಪುರಕ್ಕೆ ಬರುವ ಮೊದಲೇ ಅದರ ಮೈಕಟ್ಟು ಬಂದು ಜಿನ್ನಿಂಗ್ ಶೆಡ್ಡಿನಲ್ಲಿ ಅಲಾಯಿ ಹಬ್ಬದ ಹಲಗಿಯ ಜೊತೆ ಕುಂತಿತ್ತು.

ಮುತ್ಯಾನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಆತ ಹುಡುಗನಾಗಿದ್ದಾಗ ಊರಿನ ಹಲಗಿ ಬಿಟ್ಟಿ ಚಾಕರಿ. ದೇವರ ಮುಂದೆ ಬಾರಿಸಬೇಕು, ಗುಡಿ ಮೆಟ್ಟಿಲು ಹತ್ತುವಂತಿಲ್ಲ. ಸತ್ತವರ ಮುಂದೆ ಬಾರಿಸಬೇಕು, ಆ ಮನೆಯ ಅಂಗಳದಲ್ಲಿ ನೀರು ಕೇಳುವಂತಿಲ್ಲ. ಈ ಅವಮಾನಕ್ಕಾಗಿಯೇ ಎಷ್ಟೋ ಹಳ್ಳಿಗಳ ದಲಿತ ಯುವಕರು ಹಲಗಿ ಮುಟ್ಟುವುದಿಲ್ಲ ಎಂದು ಪಣ ತೊಟ್ಟರು. ಅವರು ತೊಟ್ಟ ಪಣ ನ್ಯಾಯದ್ದು ಎಂದೇ ನನ್ನ ನಂಬಿಕೆ. ಮುತ್ಯಾನ ಮಕ್ಕಳೂ ಅದೇ ಮಾತಾಡಿದರಂತೆ. ಆತ ಹಲಗಿ ಬಿಡಲಿಲ್ಲ, ಊರು ಬಿಟ್ಟ.

"ಇಲ್ಲಿ ರೊಕ್ಕ ಕೊಡ್ತಾರ, ಹೆಸರು ಹಿಡಿದು ಕರೀತಾರ, ಕೋಟ್ ಹೊಲಿಸ್ಯಾರ," ಎಂದ ಆತ. ಮಾಸ್ತರು ಅಳತೆ ತೆಗೆದುಕೊಂಡು ಹೊಲಿದ ಆ ಕೋಟನ್ನು ಗೂಟಕ್ಕೆ ಹಾಕುವ ಮೊದಲು ಆತ ಎರಡು ಸಲ ಝಾಡಿಸುತ್ತಿದ್ದ. ಒಂದೇ ಕೊಡದ ನೀರು ಕುಡಿಯದ ಊರುಗಳಿಂದ ಬಂದವರು ಆ ಶೆಡ್ಡಿನಲ್ಲಿ ಒಂದೇ ಕಿತ್ತಲಿಯ ಚಹಾ ಕುಡಿಯುತ್ತಿದ್ದರು. ಅದಕ್ಕೆ ಅವರು ಯಾವ ದೊಡ್ಡ ಮಾತನ್ನೂ ಆಡುತ್ತಿರಲಿಲ್ಲ. ಒಟ್ಟಿಗೆ ಪೆಟ್ಟು ಹಾಕುವವರಿಗೆ ಬೇರೆ ಬೇರೆ ಕುಂತು ಉಣ್ಣಲು ಪುರುಸೊತ್ತು ಇರಲಿಲ್ಲ.

ಜಾತ್ರೆಗೆ ನಾನೂ ಅವರ ಸಂಗಡ ಲಾರಿ ಹತ್ತಿದೆ. ಮಾವ ಬೇಡ ಎನ್ನಲಿಲ್ಲ, ಅತ್ತಿ ಬುತ್ತಿ ಕಟ್ಟಿಕೊಟ್ಟಳು. ಸುರಪುರ ಗುಡ್ಡದ ನಡುವಿನ ಊರು, ಹಿಂದೆ ನಾಯಕ ಅರಸರ ರಾಜಧಾನಿ. ರಾಜಾ ವೆಂಕಟಪ್ಪ ನಾಯಕರು 1858ರಲ್ಲಿ ಬ್ರಿಟಿಷರಿಗೆ ಎದುರು ನಿಂತದ್ದು ಇಲ್ಲೇ. ಅವರನ್ನು ಚಿಕ್ಕಂದಿನಿಂದ ನೋಡಿಕೊಂಡ ಅಧಿಕಾರಿ ಮೆಡೋಸ್ ಟೇಲರ್ ಇದ್ದ ಬಂಗಲೆ ಗುಡ್ಡದ ಮೇಲೆ ಈಗಲೂ ಟೇಲರ್ ಮಂಜಿಲ್ ಎನಿಸಿಕೊಂಡು ನಿಂತಿದೆ. ವೇಣುಗೋಪಾಲಸ್ವಾಮಿ ಜಾತ್ರೆಯ ದೊಡ್ಡ ಆಕರ್ಷಣೆ ಕಂಬ ಏರುವುದು. ಎತ್ತರದ ಕಂಬಗಳು, ಜಾರಿಕೆ ಬಳಿದ ಮೈ, ಏರುವವರ ಮೇಲೆ ಸತತ ನೀರು. ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಏರುತ್ತಾರೆ, ಜಾರುತ್ತಾರೆ, ಮತ್ತೆ ಏರುತ್ತಾರೆ. ನೋಡಲು ಸುತ್ತಲಿನ ಹಳ್ಳಿಗಳೆಲ್ಲ ಬಂದಿರುತ್ತವೆ, ಮಾಳಿಗೆಗಳ ಮೇಲೆ ಕಾಲಿಡಲು ಜಾಗವಿರುವುದಿಲ್ಲ.

ಬ್ಯಾಂಡಿನವರಿಗೆ ಒಂದು ಕಟ್ಟೆಯ ಬುಡದಲ್ಲಿ ಜಾಗ ಸಿಕ್ಕಿತ್ತು. ಅಪ್ಪಣೆಯಂತೆ ಅವರು ಮಧ್ಯಾಹ್ನದಿಂದ ಸಿನಿಮಾ ಹಾಡೇ ಬಾರಿಸಿದರು. ಗದ್ದಲದಲ್ಲಿ ಕ್ಲಾರ್ನೆಟ್ ಅಲ್ಲಿಂದ ಹತ್ತು ಮಾರು ದಾಟುತ್ತಿರಲಿಲ್ಲ. ಹೊತ್ತು ಇಳಿದಾಗ, ಕಂಬದ ನಡುಮಟ್ಟ ದಾಟಿದ ಒಬ್ಬ ಹುಡುಗ ಜಾರಿ ಬಂದು ಮತ್ತೆ ತೊಡೆ ತಟ್ಟಿ ನಿಂತಾಗ, ಮುತ್ಯಾ ಯಾರನ್ನೂ ಕೇಳದೆ ಆ ಚಾಲ್ ಎತ್ತಿದ. ಮಾಸ್ತರು ಹಾಡನ್ನು ಅರ್ಧಕ್ಕೆ ಬಿಟ್ಟರು. ಯೂಫೋನಿಯಂ ತನ್ನ ಗಿಡ್ಡ ವಾಕ್ಯ ಹಿಡಿಯಿತು. ಮುಂದೆ ಏನಾಯಿತೆಂದರೆ, ಜನರ ಕಣ್ಣೆಲ್ಲ ಕಂಬದ ಮೇಲೆ, ಕಾಲೆಲ್ಲ ಹಲಗಿಯ ಮೇಲೆ. ನೀರು ಎರಚುವವರು ಆ ಪೆಟ್ಟಿಗೇ ಎರಚುತ್ತಿದ್ದರು. ಏರುವ ಹುಡುಗರು ಆ ಪೆಟ್ಟಿಗೇ ಹೆಗಲು ಬದಲಿಸುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಒಬ್ಬ ಆಯಿ, ಮೊಮ್ಮಗುವನ್ನು ಬಗಲಲ್ಲಿ ಹೊತ್ತವಳು, ನಿಂತಲ್ಲೇ ಅಲಾಯಿ ಹೆಜ್ಜೆ ಹಾಕತೊಡಗಿದ್ದಳು. ಹಾಡುವವರು ಯಾರೂ ಇಲ್ಲ, ಹಾಡಿಗೆ ಮಾತಿಲ್ಲ, ಅದರ ಅರ್ಥ ಮಾತ್ರ ಅಲ್ಲಿದ್ದವರಿಗೆಲ್ಲ ತಲುಪಿತ್ತು.

ಸ್ವಲ್ಪ ಹೊತ್ತಿಗೆ ಯಾರೋ ಹಿರಿಯರು ಬಂದು ಸಿನಿಮಾ ಹಾಡು ಹಚ್ಚಿರೆಂದರು. ಬ್ಯಾಂಡಿನವರು ಹಚ್ಚಿದರು. ರಾತ್ರಿ ಊಟಕ್ಕೆ ಎಲ್ಲರ ಪಂಕ್ತಿ ಎದ್ದ ಮೇಲೆ ಅವರ ಸರದಿ ಬಂತು. ಮರುದಿನ ಕೂಲಿ ಎಣಿಸಿಕೊಂಡು ಶಹಾಪುರಕ್ಕೆ ಮರಳಿದರು. ದೀಪಾವಳಿ ಹೊತ್ತಿಗೆ ಜಿನ್ನಿಂಗಿನಲ್ಲಿ ಯಂತ್ರಗಳ ತಾಡಪತ್ರಿ ತೆಗೆದರು, ತಾಲೀಮು ನಿಂತಿತು.

ಓದು ಮುಗಿದ ಮೇಲೆ ನನಗೆ ಕೆಲಸ ಸಿಕ್ಕಿದ್ದು ಹೈದರಾಬಾದಿನಲ್ಲಿ. ಯಾದಗಿರಿ ಸ್ಟೇಷನ್ನಿನಿಂದ ರೈಲು ಹತ್ತಿದ ನಮ್ಮ ಕಡೆಯವರಿಗೆ ಅದು ಪರ ಊರಲ್ಲ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಸಂಸ್ಥಾನದವರೇ. ಅಲ್ಲಿ ಕೋಣೆಯಲ್ಲಿ ಜೊತೆಗಿದ್ದ ಗೆಳೆಯನಿಗೆ ಹಳೆಯ ಕ್ಯಾಸೆಟ್ಟುಗಳ ಹುಚ್ಚು. ಭಾನುವಾರ ಆಬಿಡ್ಸಿನ ಫುಟ್‌ಪಾತಿನಲ್ಲಿ ಹುಡುಕಿ ತರುತ್ತಿದ್ದ. ಒಂದು ಸಂಜೆ ಅವನು ಹಾಕಿದ ಕ್ಯಾಸೆಟ್ಟಿನಿಂದ ಆರ್ಗನ್ ಒಂದು ಗಿಡ್ಡ ವಾಕ್ಯವನ್ನು ತಿರುಗಿ ತಿರುಗಿ ಹೇಳತೊಡಗಿತು. ಡ್ರಮ್ಮು ಬೇಕಾದಷ್ಟೇ ನುಡಿಯುತ್ತಿತ್ತು. ಗಿಟಾರು ಒಂದು ಮಾತು ಕತ್ತರಿಸಿ ಎಸೆದು ಸುಮ್ಮನಾಗುತ್ತಿತ್ತು. ಹಾಡುವವರು ಯಾರೂ ಬರಲೇ ಇಲ್ಲ. ಕೈಯಲ್ಲಿದ್ದ ಚಹಾ ಕೆಳಗಿಟ್ಟು ಕುಂತೆ.

ಅದು ಬೂಕರ್ ಟಿ. ಅಂಡ್ ದಿ ಎಂ.ಜಿ.ಸ್ ಎಂಬ ತಂಡದ 'ಗ್ರೀನ್ ಆನಿಯನ್ಸ್'. 1962ರಲ್ಲಿ ಅಮೆರಿಕದ ಮೆಂಫಿಸ್ ಊರಿನ ಸ್ಟ್ಯಾಕ್ಸ್ ಕಂಪನಿಯ ಸ್ಟುಡಿಯೋದಲ್ಲಿ ಹುಟ್ಟಿದ್ದು. ಆರ್ಗನ್ ನುಡಿಸಿದ ಬೂಕರ್ ಟಿ. ಜೋನ್ಸ್ ಅವರಿಗೆ ಆಗ 17 ವರ್ಷ. ತಂಡದಲ್ಲಿ ಕರಿಯರೂ ಬಿಳಿಯರೂ ಇದ್ದರು. ಆ ಕಾಲದ ಮೆಂಫಿಸ್ಸಿನಲ್ಲಿ ಅವರು ಸ್ಟುಡಿಯೋದಿಂದ ಹೊರಗೆ ಬಂದರೆ ಎಷ್ಟೋ ಹೋಟೆಲುಗಳಲ್ಲಿ ಒಂದೇ ಮೇಜಿಗೆ ಕೂರುವಂತಿರಲಿಲ್ಲ. ಇದನ್ನು ಕೇಳಿದಾಗ ಜಿನ್ನಿಂಗ್ ಶೆಡ್ಡಿನ ಕಿತ್ತಲಿ ಕಣ್ಣ ಮುಂದೆ ಬಂತು. ಆ ಮೇಲೆ ಗೆಳೆಯ ನ್ಯೂ ಆರ್ಲಿಯನ್ಸಿನ ದಿ ಮೀಟರ್ಸ್ ತಂಡವನ್ನು ಕೇಳಿಸಿದ. 1969ರ ಅವರ 'ಸಿಸಿ ಸ್ಟ್ರಟ್' ನನಗೆ ಇನ್ನೂ ಹತ್ತಿರದ್ದು ಅನ್ನಿಸಿತು, ಯಾಕೆಂದರೆ ಅದರ ಡ್ರಮ್ಮಿನಲ್ಲಿ ಬೀದಿ ಇತ್ತು. ನ್ಯೂ ಆರ್ಲಿಯನ್ಸಿನಲ್ಲಿ ಸತ್ತವರನ್ನು ಬ್ಯಾಂಡು ಬಾರಿಸುತ್ತ ಮಣ್ಣಿಗೆ ಒಯ್ಯುತ್ತಾರೆ, ಹಿಂದೆ ಜನ ಹೆಜ್ಜೆ ಹಾಕುತ್ತ ನಡೆಯುತ್ತಾರೆ. ಇದನ್ನು ವಿಚಿತ್ರ ಎಂಬಂತೆ ಗೆಳೆಯ ಹೇಳಿದ. ವಯಸ್ಸಾಗಿ ತುಂಬು ಬಾಳು ಬಾಳಿ ಹೋದ ನಮ್ಮ ಮುತ್ಯಾಗಳನ್ನು ಕುರ್ಚಿಯಲ್ಲಿ ಕೂರಿಸಿ, ಹಲಗಿ, ಭಜನಿ, ಬ್ಯಾಂಡಿನೊಂದಿಗೆ ಒಯ್ಯುವ ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಜೇಮ್ಸ್ ಬ್ರೌನ್ ಎಂಬ ದೊಡ್ಡ ಗಾಯಕ 1960ರ ದಶಕದ ನಡುವಿನಲ್ಲಿ ತನ್ನ ಬ್ಯಾಂಡಿನವರಿಗೆ ಒಂದು ಹೊಸ ಶಿಸ್ತು ಕಲಿಸಿದ. ಮೊದಲ ಪೆಟ್ಟಿಗೆ ಎಲ್ಲರೂ ಒಟ್ಟಿಗೆ ಬೀಳಬೇಕು, ಮಿಕ್ಕ ಜಾಗದಲ್ಲಿ ಒಬ್ಬೊಬ್ಬರದು ಒಂದೊಂದು ಚಲನೆ. ಫಂಕ್ ಎಂಬ ಪ್ರಕಾರ ನಿಂತಿರುವುದೇ ಆ ಮೊದಲ ಪೆಟ್ಟಿನ ಮೇಲೆ. ಶಹಾಪುರದ ದರ್ಜಿ ಮಾಸ್ತರು ನನಗೆ ಹೇಳಿದ್ದು ಬೇರೇನು? ಅವರು ಜೇಮ್ಸ್ ಬ್ರೌನನ ಹೆಸರು ಕೇಳಿದವರಲ್ಲ. ಹಲಗಿ ಮುತ್ಯಾ ಅಂತೂ ಗುಲಬರ್ಗಾ ಶಹರವನ್ನೂ ಕಂಡವನಲ್ಲ.

ಇದನ್ನು ಬರೀ ಕಾಕತಾಳೀಯ ಎಂದು ನಾನು ತಿಳಿಯುವುದಿಲ್ಲ. ಹೈದರಾಬಾದಿನ ಲಗ್ನಗಳಲ್ಲಿ ಮರ್ಫಾ ಎಂಬ ಮೇಳವಿದೆ. ಯೆಮನ್ ಕಡೆಯಿಂದ ಬಂದ ಚಾವುಶ್ ಅರಬರು, ಆಫ್ರಿಕಾದಿಂದ ಬಂದ ಸಿದ್ದಿಗಳು ನಿಜಾಮರ ಸೈನ್ಯದಲ್ಲಿದ್ದರು. ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಎಂಬ ಆ ಕುದುರೆ ದಂಡಿನಿಂದಲೇ ಅಲ್ಲಿ ಎ.ಸಿ. ಗಾರ್ಡ್ಸ್ ಎಂಬ ಬಡಾವಣೆಗೆ ಹೆಸರು ಬಂದಿದೆ. ಅವರ ಬಡಿತವೇ ಮರ್ಫಾ. ಅದಕ್ಕೂ ಹಿಂದೆ ವಿಜಾಪುರದ ಆದಿಲ್‌ಶಾಹಿ ದರಬಾರದಲ್ಲಿ ಇಖ್ಲಾಸ್ ಖಾನನಂಥ ಆಫ್ರಿಕಾ ಮೂಲದವರು ಮಂತ್ರಿಗಳಾಗಿದ್ದರು. ಆದಿಲ್‌ಶಾಹಿ ವಂಶ ಕಟ್ಟಿದ ಯೂಸುಫ್ ಆದಿಲ್ ಶಾಹನ ಗೋರಿ ಇರುವುದು ಮುತ್ಯಾ ಬಂದ ಅದೇ ಗೋಗಿಯಲ್ಲಿ. ಯಾವ ಬಡಿತ ಯಾರಿಂದ ಯಾರಿಗೆ ಹೋಯಿತೆಂದು ಗೆರೆ ಎಳೆದು ತೋರಿಸುವುದು ನನ್ನ ಕೆಲಸವಲ್ಲ. ಆದರೆ ಆಫ್ರಿಕಾದ ಜನ ಒಂದು ಕಡೆ ಗುಲಾಮರಾಗಿ ಅಮೆರಿಕಕ್ಕೆ, ಇನ್ನೊಂದು ಕಡೆ ಸೈನಿಕರಾಗಿ ದಖ್ಖನಿಗೆ ಬಂದದ್ದು ಇತಿಹಾಸ. ಕೈಯಲ್ಲಿ ಏನನ್ನೂ ತರಲಾಗದವರು ತಾಳವನ್ನು ತಂದಿರುತ್ತಾರೆ.

ವಾದ್ಯಗಳ ದಾರಿಯೂ ಸಣ್ಣದಲ್ಲ. ದಂಡಿನ ಬ್ಯಾಂಡುಗಳಿಂದ ಲಗ್ನದ ಬ್ಯಾಂಡಿಗೆ ಇಳಿದ ಈ ಪೀಪಿ, ಯೂಫೋನಿಯಂಗಳು ನಮ್ಮ ದೇಶದಲ್ಲಿ ಹೆಚ್ಚಾಗಿ ತಯಾರಾಗುವುದು ಉತ್ತರ ಪ್ರದೇಶದ ಮೀರತ್ತಿನಲ್ಲಿ, ಜಲಿ ಕೋಠಿ ಎಂಬ ಗಲ್ಲಿಯಲ್ಲಿ. ಗ್ರೆಗರಿ ಬೂತ್ ಎಂಬ ವಿದ್ವಾಂಸರು ಭಾರತದ ಲಗ್ನದ ಬ್ಯಾಂಡುಗಳ ಮೇಲೆ 'ಬ್ರಾಸ್ ಬಾಜಾ' ಎಂಬ ಪುಸ್ತಕ ಬರೆದರು, 2005ರಲ್ಲಿ ಅದು ಹೊರಬಂತು. ನಮ್ಮ ಓಣಿಯ ಬ್ಯಾಂಡಿನವರ ಬಾಳು ಎಷ್ಟು ಕಷ್ಟದ್ದು, ಹಂಗಾಮಿನ ಕೂಲಿ ನಂಬಿ ಅವರು ಹೇಗೆ ದಿನ ದೂಡುತ್ತಾರೆ ಎಂಬುದನ್ನು ಹೊರಗಿನವರೊಬ್ಬರು ಊರೂರು ತಿರುಗಿ ಕೇಳಿ ಬರೆಯಬೇಕಾಯಿತು. ನಾವು ಬರೆಯಬೇಕಿತ್ತು.

ಕನ್ನಡದಲ್ಲಿ ವಾದ್ಯದವರಿಗೆ ಮರ್ಯಾದೆ ಸಿಕ್ಕ ಪ್ರಸಂಗಗಳು ಇಲ್ಲವೆಂದಲ್ಲ. 1977ರಲ್ಲಿ ಬಂದ 'ಸನಾದಿ ಅಪ್ಪಣ್ಣ' ಚಿತ್ರಕ್ಕೆ ಬಿಸ್ಮಿಲ್ಲಾ ಖಾನ್ ಅವರೇ ಶಹನಾಯಿ ನುಡಿಸಿದರು, ಹಳ್ಳಿಯ ಸನಾದಿಯವನ ಪಾತ್ರವನ್ನು ರಾಜಕುಮಾರ್ ಮಾಡಿದರು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಅವರು ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಅಮೆರಿಕದ ಜಾಜ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಜೊತೆ ಕೂಡಿ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಮ್ ಮುದ್ರಿಸಿತು. ನಮ್ಮ ತಾಳ ಹೊರಗಿನ ಊದುವಾದ್ಯದ ಜೊತೆ ಎಷ್ಟು ಸಲೀಸಾಗಿ ನಡೆಯುತ್ತದೆ ಎಂಬುದಕ್ಕೆ ಅದನ್ನು ಕೇಳಬೇಕು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದಾಗ ನಾನು ನೆನೆದದ್ದು ಗೋಗಿ ಕಡೆಯ ಆ ಮುತ್ಯಾನನ್ನು. ಚರ್ಮ ಕಾಸಿ, ತಲೆಯೆತ್ತಿ ಬ್ಯಾಂಡನ್ನು ಶುರು ಮಾಡುತ್ತಿದ್ದವ ಆತ.

ಮಾಸ್ತರು ಈಗಿಲ್ಲ. ಕ್ಯಾಸಿಯೋ ಹುಡುಗ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಾನೆ, ನಾನು ಹೋದಾಗ ಪ್ರೀತಿಯಿಂದ ಮಾತಾಡಿಸುತ್ತಾನೆ. ಆ ಚಾಲ್ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ, ಯಾರೂ ಮುದ್ರಿಸಲಿಲ್ಲ. ಅವನಿಗೆ ತನ್ನ ಭಾಗ ಇನ್ನೂ ನೆನಪಿದೆ. ಅಂಗಡಿಯಲ್ಲೇ ಬೆರಳಿಟ್ಟು ತೋರಿಸಿದ. ಆದರೆ ಹಲಗಿ ಇಲ್ಲದೆ ಅದು ಎಲ್ಲಿಂದ ಶುರುವಾಗಬೇಕೆಂದು ತಿಳಿಯುವುದಿಲ್ಲ.

ಲಗ್ನದ ಮೆರವಣಿಗೆಗಳಲ್ಲಿ ಈಗ ಡಿಜೆಯ ಅಬ್ಬರ. ಎದೆಗೂಡು ಅದುರುವ ದನಿ, ಮನೆಯೊಳಗಿನ ಕೂಸುಗಳು ಬೆಚ್ಚುತ್ತವೆ, ಕಿಟಕಿಗಳು ನಡುಗುತ್ತವೆ. ಕುಣಿಯುವ ಹುಡುಗರ ಖುಷಿಯನ್ನು ನಾನು ಹಳಿಯುವುದಿಲ್ಲ. ಆದರೆ ಆ ಡಿಜೆ ಪೆಟ್ಟಿಗೆ ಯಾರ ಮುಖವನ್ನೂ ನೋಡುವುದಿಲ್ಲ. ಕಂಬ ಏರುವ ಹುಡುಗ ಜಾರಿದ್ದು ಅದಕ್ಕೆ ಕಾಣುವುದಿಲ್ಲ, ಹಿಡಿದ ಹಾಡನ್ನು ಅರ್ಧಕ್ಕೆ ಬಿಟ್ಟು ಅವನ ಹೆಜ್ಜೆಗೆ ಹೊಂದುವ ಚಾಲ್ ಎತ್ತಲು ಅದಕ್ಕೆ ಬರುವುದಿಲ್ಲ. ಬಾರಿಸುವ ಮನುಷ್ಯನಿಗೆ ಮಾತ್ರ ಅದು ಸಾಧ್ಯ.

ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಹಲಗಿ ಹಿಡಿಯುವವರು, ಶಹನಾಯಿ ನುಡಿಸುವವರು, ಕ್ಲಾರ್ನೆಟ್ ಊದುವವರು ಇನ್ನೂ ಇದ್ದಾರೆ. ನಿಮ್ಮ ಮನೆಯ ಮುಂದಿನ ಲಗ್ನಕ್ಕೆ ಅವರನ್ನು ಕರೆಯಿರಿ, ಡಿಜೆಗೆ ಕೊಡುವಷ್ಟೇ ರೊಕ್ಕ ಕೊಡಿ, ಎಲ್ಲರ ಸಂಗಡ ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿ. ಸಿನಿಮಾ ಹಾಡು ಮುಗಿದ ಮೇಲೆ ಚಪ್ಪರದ ಕೆಳಗೆ ಕುರ್ಚಿ ಹಾಕಿ, ನಿಮ್ಮ ಸ್ವಂತದ್ದು ಏನಾದರೂ ಬಾರಿಸಿರಿ ಎಂದು ಕೇಳಿ, ಅವರಿಗೆ ಮುಖ ಮಾಡಿ ನೀವೂ ಕುಂಡ್ರಿ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಅದನ್ನು ಮುದ್ರಿಸಿಕೊಳ್ಳಿ. ಮುದ್ರಿಸುವ ಮೊದಲು ಅವರಿಂದಲೇ ಅವರ ಹೆಸರು ಮತ್ತು ಊರನ್ನು ಹೇಳಿಸಿ.